ಬಾಂಡ್ ಸರಣಿ ನಿಂತುಹೋಗಿದ್ದು ಅಮೆಜಾನ್‌ನಿಂದಲಾ, ಬ್ರಾಕಲಿ ಮನೆಯವರಿಂದಲಾ?

ಮಜ್ಜಿಗೆ_ಮಾರ್ಟಿನಿ
ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ, ಇವತ್ತು ಹೇಳಿಬಿಡುತ್ತೇನೆ. 2025ರ ಫೆಬ್ರವರಿಯಲ್ಲಿ ನಿರ್ಮಾಪಕರಾದ ಬಾರ್ಬರಾ ಬ್ರಾಕಲಿ ಮತ್ತು ಮೈಕಲ್ ಜಿ. ವಿಲ್ಸನ್ ಜೇಮ್ಸ್ ಬಾಂಡ್ ಚಿತ್ರಗಳ ಹಿಡಿತವನ್ನು ಅಮೆಜಾನ್ ಎಂಜಿಎಂಗೆ ಬಿಟ್ಟುಕೊಟ್ಟರು ಅಲ್ವಾ? ಆಗ ನಮ್ಮ ಗುಂಪಿನವರೆಲ್ಲ ಮನೆಯಲ್ಲಿ ಸೂತಕ ಅನ್ನೋ ಹಾಗೆ ಮುಖ ಮಾಡಿಕೊಂಡಿದ್ದರು. ನನಗೆ ಮಾತ್ರ ಸಮಾಧಾನವಾಯಿತು.

ಲೆಕ್ಕ ನೋಡಿ. 1962ರಿಂದ 1989ರವರೆಗೆ 16 ಚಿತ್ರ ಬಂದವು. 1995ರಿಂದ 2021ರವರೆಗೆ ಬರೀ 9. ಹೆಚ್ಚುಕಮ್ಮಿ ಅಷ್ಟೇ ವರ್ಷ, ಚಿತ್ರ ಅರ್ಧದಷ್ಟು. ರೋಜರ್ ಮೂರ್ 12 ವರ್ಷದಲ್ಲಿ 7 ಮಾಡಿದ. ಡೇನಿಯಲ್ ಕ್ರೇಗ್ 15 ವರ್ಷದಲ್ಲಿ 5. ಕೊನೆಗೆ ಬಾಂಡ್‌ನನ್ನೇ ಕ್ಷಿಪಣಿ ಹೊಡೆಸಿ ಸಾಯಿಸಿದರು. ಮುಂದೇನು ಅಂತ ಯೋಚನೆ ಮಾಡದೆ ನಾಯಕನನ್ನು ಸಾಯಿಸುವ ನಿರ್ಮಾಪಕರನ್ನು ನಾನು ಇವರನ್ನೇ ನೋಡಿದ್ದು.

ನನ್ನ ಪ್ರಶ್ನೆ ಇಷ್ಟೇ. ಸರಣಿ ಕೈತಪ್ಪಿದ್ದಕ್ಕೆ ಕಾರಣ ಅಮೆಜಾನಾ, ಈ ಕುಟುಂಬವಾ?

ಹಳೇ_ರೀಲು
ಲೆಕ್ಕ ಸರಿ, ತೀರ್ಪು ತಪ್ಪು. ಯಾವ ಗ್ಯಾಪ್ ಯಾಕೆ ಆಯಿತು ಅಂತ ಒಂದೊಂದಾಗಿ ನೋಡಿ.

1989ರ ಲೈಸೆನ್ಸ್ ಟು ಕಿಲ್ ಆದ ಮೇಲೆ 6 ವರ್ಷ ಚಿತ್ರ ಇಲ್ಲ. ಆಗ ಬಾಂಡ್ ಚಿತ್ರಗಳ ಸ್ಟುಡಿಯೋ ಎಂಜಿಎಂ ಜಾನ್‌ಕಾರ್ಲೋ ಪರೆಟ್ಟಿ ಅನ್ನುವ ಇಟಲಿಯವನ ಕೈಗೆ ಹೋಗುತ್ತಿತ್ತು. ಕೊಳ್ಳುವ ದುಡ್ಡು ಹೊಂದಿಸಲು ಹಳೆಯ ಬಾಂಡ್ ಚಿತ್ರಗಳ ಟಿವಿ ಹಕ್ಕನ್ನು ಕಡಿಮೆ ಬೆಲೆಗೆ ಮಾರಲು ಹೊರಟರು. ಬಾರ್ಬರಾ ಅಪ್ಪ, ಆಗಿನ ನಿರ್ಮಾಪಕ ಕಬ್ಬಿ ಬ್ರಾಕಲಿ ಕೋರ್ಟಿಗೆ ಹೋದರು. ಹೋಗದೆ ಸುಮ್ನೆ ಕೂರಬೇಕಿತ್ತಾ?

2008ರಿಂದ 2012ರ ಗ್ಯಾಪ್‌ಗೆ ಕಾರಣ ಎಂಜಿಎಂ ದಿವಾಳಿ. 2010ರಲ್ಲಿ ಕಂಪನಿಯೇ ಮುಳುಗಿತ್ತು. ಆ ಅವಧಿಯಲ್ಲೇ ಸ್ಕೈಫಾಲ್ ಕಥೆಯನ್ನು ತಿದ್ದಿ ತೀಡಿದರು. ಅದು 110 ಕೋಟಿ ಡಾಲರ್ ದಾಟಿದ ಮೊದಲ ಬಾಂಡ್ ಚಿತ್ರವಾಯಿತು.

ಸ್ಟುಡಿಯೋದವರ ಪಾಪವನ್ನು ನಿರ್ಮಾಪಕರ ತಲೆಗೆ ಕಟ್ಟಬೇಡಿ.

ಮಜ್ಜಿಗೆ_ಮಾರ್ಟಿನಿ
ಸರಿ ಸರ್. 2015ರಿಂದ 2021? ಅದು ಯಾರ ಪಾಪ?

ಟಿಕೆಟ್_ಬ್ಲಾಕ್
ಕೊರೊನಾ ಪಾಪ 😄

ಮಜ್ಜಿಗೆ_ಮಾರ್ಟಿನಿ
ಕೊರೊನಾ ಬಂದಿದ್ದು 2020ರಲ್ಲಿ. 2015ರಿಂದ ಅಲ್ಲಿವರೆಗೆ? ಡ್ಯಾನಿ ಬಾಯ್ಲ್‌ನನ್ನು ನಿರ್ದೇಶಕ ಅಂದರು, 2018ರ ಆಗಸ್ಟ್‌ನಲ್ಲಿ ಆತ ಹೊರಗೆ ನಡೆದ. ಆಮೇಲೆ ಕ್ಯಾರಿ ಫುಕುನಾಗಾ ಬಂದು ಮತ್ತೆ ಮೊದಲಿಂದ ಶುರು. ಇನ್ನು ಕ್ರೇಗ್. 2015ರ ಸ್ಪೆಕ್ಟರ್ ಮುಗಿದ ಕೂಡಲೇ ಇನ್ನೊಂದು ಬಾಂಡ್ ಮಾಡುವ ಮಾತೇ ಬೇಡ ಅನ್ನುವ ಧಾಟಿಯಲ್ಲಿ ಸಂದರ್ಶನ ಕೊಟ್ಟಿದ್ದ. ಅವನು ಮನಸ್ಸು ಮಾಡಲಿ ಅಂತ ಬಾರ್ಬರಾ ಕಾಯುತ್ತಾ ಕೂತರು. ಬೇರೆ ಯಾವ ನಿರ್ಮಾಪಕರು ಒಬ್ಬ ನಟನಿಗಾಗಿ ಇಷ್ಟು ಕಾಯುತ್ತಾರೆ?

ಧಾರವಾಡ_ಪೇಡೆ
ನಿಮ್ಮ ಮಾತು ಒಂದು ಮಟ್ಟಿಗೆ ಖರೆ. ಆದರೆ ಆ ಕ್ರೇಗ್‌ನನ್ನು ಹುಡುಕಿ ತಂದವರೂ ಇದೇ ಬಾರ್ಬರಾ ಅಲ್ಲೇನ್ರಿ? 2005ರಲ್ಲಿ ಅವನ ಹೆಸರು ಹೇಳಿದಾಗ ಜನ ಬೈದಿದ್ದು ನೆನಪಿದೆಯಾ? ಕೂದಲು ಹೊಂಬಣ್ಣ, ಎತ್ತರ ಸಾಲದು, ದೋಣಿಯಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಬಂದ, ಇವನೆಂಥ ಬಾಂಡ್ ಅಂತ. ಚಿತ್ರ ನೋಡಬೇಡಿ ಅಂತ ಒಂದು ವೆಬ್‌ಸೈಟೇ ಮಾಡಿದ್ದರು. ಕಸಿನೋ ರೋಯಾಲ್ ಬಂತು, ಎಲ್ಲರ ಬಾಯಿ ಬಂದ್ ಆಯ್ತು.

ಅದಕ್ಕಿಂತ ಮುಂಚಿನ ಡೈ ಅನದರ್ ಡೇ 43 ಕೋಟಿ ಡಾಲರ್ ತಂದಿತ್ತು. ದುಡ್ಡು ತಂದುಕೊಟ್ಟ ಪಿಯರ್ಸ್ ಬ್ರಾಸ್ನನ್‌ನನ್ನು ಕೈಬಿಟ್ಟು, ಯಾರಿಗೂ ಬೇಡದವನನ್ನು ತರಲು ಧೈರ್ಯ ಬೇಕು. ಲೆಕ್ಕದ ಪುಸ್ತಕ ಹಿಡಿದು ಕೂತ ದೊಡ್ಡ ಕಂಪನಿ ಅದನ್ನು ಮಾಡುವುದಿಲ್ಲ.

ಪುತ್ತೂರಿನವ
ಡೈ ಅನದರ್ ಡೇಯಲ್ಲಿ ಮಾಯವಾಗುವ ಕಾರು ತೋರಿಸಿದ ಮೇಲೆ ಬೇರೆ ದಾರಿ ಇರಲಿಲ್ಲ ಮಾರಾಯ್ರೆ. ಕಾರು ಕಾಣುವುದಿಲ್ಲ, ಕಥೆಯೂ ಕಾಣುವುದಿಲ್ಲ.

ಟಿಕೆಟ್_ಬ್ಲಾಕ್
ಆ ಕಾರು ನನಗೆ ಇಷ್ಟ. ಹೊಡೆಯೋರು ಹೊಡೀರಿ.

ಹಳೇ_ರೀಲು
ಪೇಡೆ ಅವರ ಮಾತಿಗೆ ನನ್ನದೂ ಸೇರಿಸುತ್ತೇನೆ. ಈ ಮನೆತನದ ದೊಡ್ಡ ಗುಣ ಅದೇ. ತಪ್ಪು ಅನ್ನಿಸಿದಾಗ ಗಾಡಿ ತಿರುಗಿಸುತ್ತಾರೆ. ಮೂನ್‌ರೇಕರ್‌ನಲ್ಲಿ ಬಾಂಡ್ ಅಂತರಿಕ್ಷಕ್ಕೆ ಹೋದ, ಮುಂದಿನ ಚಿತ್ರದಲ್ಲಿ ಸೀದಾ ನೆಲಕ್ಕೆ ಇಳಿಸಿದರು. 57 ವರ್ಷದ ಮೂರ್ ಆದ ಮೇಲೆ ಗಂಭೀರ ಮುಖದ ಡಾಲ್ಟನ್. ಡೈ ಅನದರ್ ಡೇ ಆದ ಮೇಲೆ ಕಸಿನೋ ರೋಯಾಲ್.

ಕಬ್ಬಿ ಬ್ರಾಕಲಿಗೆ 1982ರಲ್ಲಿ ಆಸ್ಕರ್‌ನವರು ನಿರ್ಮಾಪಕರಿಗೆ ಕೊಡುವ ಥಾಲ್ಬರ್ಗ್ ಪ್ರಶಸ್ತಿ ಕೊಟ್ಟರು. 2024ರ ನವೆಂಬರ್‌ನಲ್ಲಿ ಅದೇ ಪ್ರಶಸ್ತಿ ಮಗಳು ಬಾರ್ಬರಾ ಮತ್ತು ಮಲಮಗ ವಿಲ್ಸನ್‌ಗೆ ಬಂತು. ಸುಮ್ನೆ ಕೊಡುತ್ತಾರಾ?

ಮಜ್ಜಿಗೆ_ಮಾರ್ಟಿನಿ
ಪ್ರಶಸ್ತಿ ತಗೊಂಡು ಮೂರು ತಿಂಗಳಿಗೆ ಅಂಗಡಿ ಬಿಟ್ಟುಕೊಟ್ಟರು. ಅದನ್ನೂ ಬರೀರಿ ಸರ್.

ಮತ್ತೆ ಗಾಡಿ ತಿರುಗಿಸೋದು ಅಂದಿರಲ್ಲ, ಚೆನ್ನಾಗಿದೆ. ಆದರೆ ಪ್ರತಿ ಸಲ ಊರೆಲ್ಲಾ ಏನು ಓಡುತ್ತಿದೆ ಅಂತ ನೋಡಿ ಅದನ್ನೇ ಮಾಡಿದರು. ಸ್ಟಾರ್ ವಾರ್ಸ್ ಓಡಿದಾಗ ಮೂನ್‌ರೇಕರ್. ಅದರ ಹಿಂದಿನ ಚಿತ್ರದ ಕೊನೆಯಲ್ಲಿ ಮುಂದಿನದು ಫಾರ್ ಯುವರ್ ಐಸ್ ಓನ್ಲಿ ಅಂತ ಹಾಕಿದ್ದರು, ಅದನ್ನು ಬದಿಗಿಟ್ಟು ರಾಕೆಟ್ ಹತ್ತಿದರು. ಕರಾಟೆ, ಕರಿಯರ ಆ್ಯಕ್ಷನ್ ಚಿತ್ರಗಳು ಓಡಿದ ಕಾಲದಲ್ಲಿ ಬಾಂಡ್‌ನೂ ಅಲ್ಲಿಗೇ ಹೋದ.

ಹಳೇ_ರೀಲು
ಹೌದು, ಹಾಗೆ ಮಾಡಿಯೇ 60 ವರ್ಷ ಉಳಿದರು. ನಿಮಗೆ ಅದು ದೂರು, ನನಗೆ ಅದು ಜಾಣತನ.

ಸಿಐಡಿ_ಸಾವಿರ
ಗ್ಯಾಪ್ ಗ್ಯಾಪ್ ಅಂತ ಅಳುವವರು ನಮ್ಮನ್ನು ನೋಡಿ ಕಲೀರಿ. ಅಣ್ಣಾವ್ರ ಸಿಐಡಿ 999 ಸರಣಿಯಲ್ಲಿ ಜೇಡರ ಬಲೆ ಮತ್ತು ಗೋವಾದಲ್ಲಿ ಸಿಐಡಿ 999 ಎರಡೂ 1968ರಲ್ಲಿ. ಆಪರೇಷನ್ ಜಾಕ್‌ಪಾಟ್ 1969ರಲ್ಲಿ. ಆಮೇಲೆ ಆಪರೇಷನ್ ಡೈಮಂಡ್ ರಾಕೆಟ್ ಬಂದಿದ್ದು 1978ಕ್ಕೆ. 9 ವರ್ಷ ಕಾದಿದ್ದೇವೆ! ಯಾರೂ ನಿರ್ಮಾಪಕರನ್ನು ಬೈಯಲಿಲ್ಲ.

ಪುತ್ತೂರಿನವ
ಬೈಯಲಿಲ್ಲ ಯಾಕೆಂದರೆ ಆ 9 ವರ್ಷದಲ್ಲಿ ಅದೇ ದೊರೈ-ಭಗವಾನ್ ಜೋಡಿ ಕಸ್ತೂರಿ ನಿವಾಸ, ಎರಡು ಕನಸು ಕೊಟ್ಟಿತ್ತು. ಜನಕ್ಕೆ ಹೊಟ್ಟೆ ತುಂಬಿತ್ತು. ಬ್ರಾಕಲಿಗಳು ಬಾಂಡ್ ಬಿಟ್ಟರೆ ಜನರ ಬಾಯಲ್ಲಿ ಉಳಿಯುವಂಥ ಚಿತ್ರ ಎಷ್ಟು ಮಾಡಿದ್ದಾರೆ ಹೇಳಿ?

ಟಿಕೆಟ್_ಬ್ಲಾಕ್
ಇಫ್ ಯು ಕಮ್ ಟುಡೇ 🎶 ಯಾರೂ ಹಾಡಲ್ವಾ? ನಾನೇ ಶುರು ಮಾಡ್ಲಾ?

ಸಿಐಡಿ_ಸಾವಿರ
ಅದೂ ಆ ಗ್ಯಾಪ್‌ನ ಲಾಭವೇ ಗುರು. ನಡುವೆ 1974ರಲ್ಲಿ ಸಂಪತ್ತಿಗೆ ಸವಾಲ್ ಬಂತು, ಅಣ್ಣಾವ್ರು ತಾವೇ ಹಾಡಲು ಶುರು ಮಾಡಿದರು. 1970ರಲ್ಲೇ ಡೈಮಂಡ್ ರಾಕೆಟ್ ತೆಗೆದಿದ್ದರೆ ಆ ಹಾಡು ಅವರ ಗಂಟಲಲ್ಲಿ ಬರುತ್ತಿರಲಿಲ್ಲ.

ಧಾರವಾಡ_ಪೇಡೆ
ದಾರಿ ತಪ್ಪಿತು. ಹಾಡು ಆಮೇಲೆ ಹಾಡೋಣ, ಬಾಂಡ್‌ಗೆ ಬನ್ನಿ.

ಕಾಪಿರೈಟ್_ಕಮಲಿ
ಇಡೀ ಚರ್ಚೆಯಲ್ಲಿ ಮುಖ್ಯವಾದ ವಿಷಯವನ್ನೇ ಬಿಟ್ಟಿದ್ದೀರಿ. ಬ್ರಾಕಲಿಗಳು ಬಾಂಡ್‌ನ ಪೂರ್ತಿ ಒಡೆಯರಾಗಿದ್ದು ಯಾವಾಗ? ಯಾವತ್ತೂ ಅಲ್ಲ.

ಶುರುವಿನಲ್ಲಿ ಇಬ್ಬರು ಪಾಲುದಾರರು. ಕಬ್ಬಿ ಬ್ರಾಕಲಿ ಮತ್ತು ಹ್ಯಾರಿ ಸಾಲ್ಟ್ಸ್‌ಮನ್. ಹಕ್ಕು ಇಟ್ಟುಕೊಂಡ ಕಂಪನಿ ಡಾನ್‌ಜಾಕ್. ಅವರಿಬ್ಬರ ಹೆಂಡತಿಯರು ಡಾನಾ ಮತ್ತು ಜಾಕ್ವೆಲಿನ್, ಆ ಎರಡು ಹೆಸರು ಸೇರಿಸಿ ಇಟ್ಟಿದ್ದು. ಚಿತ್ರ ತೆಗೆಯುವ ಕಂಪನಿ ಈಯಾನ್. ಸಾಲ್ಟ್ಸ್‌ಮನ್ ಬೇರೆ ವ್ಯವಹಾರಕ್ಕೆ ಕೈಹಾಕಿ ಸಾಲ ಮಾಡಿಕೊಂಡರು. ಡಾನ್‌ಜಾಕ್ ಷೇರನ್ನೇ ಅಡ ಇಟ್ಟಿದ್ದರು. ಕೊನೆಗೆ 1975ರಲ್ಲಿ ತಮ್ಮ ಅರ್ಧ ಪಾಲನ್ನು ಯುನೈಟೆಡ್ ಆರ್ಟಿಸ್ಟ್ಸ್ ಸ್ಟುಡಿಯೋಗೆ ಮಾರಿದರು. 1974 ಮತ್ತು 1977ರ ಚಿತ್ರಗಳ ನಡುವಿನ ಗ್ಯಾಪ್ ಇದೇ ಗಲಾಟೆಯದ್ದು.

1981ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಎಂಜಿಎಂ ಪಾಲಾಯಿತು. ಆ ಅರ್ಧವೂ ಅದರ ಜೊತೆ ಹೋಯಿತು. ಅಮೆಜಾನ್ 845 ಕೋಟಿ ಡಾಲರ್ ಕೊಟ್ಟು ಎಂಜಿಎಂ ಕೊಂಡಿತು. 2021ರಲ್ಲಿ ಘೋಷಣೆ, 2022ರ ಮಾರ್ಚ್‌ನಲ್ಲಿ ವ್ಯವಹಾರ ಮುಗಿಯಿತು. ಅಂದರೆ ಅಮೆಜಾನ್ ಆಗಲೇ ಮನೆಯೊಳಗೆ ಬಂದು ಕೂತಿತ್ತು. ಕುಟುಂಬದ ಹತ್ತಿರ ಉಳಿದಿದ್ದು ಯಾರು ನಟಿಸಬೇಕು, ಯಾರು ಬರೆಯಬೇಕು, ಯಾವಾಗ ತೆಗೆಯಬೇಕು ಅನ್ನುವ ಅಧಿಕಾರ. ದುಡ್ಡು ಒಬ್ಬರದ್ದು, ಕೀಲಿಕೈ ಇನ್ನೊಬ್ಬರದ್ದು. ಅಣ್ಣತಮ್ಮಂದಿರ ಜಮೀನು ವ್ಯಾಜ್ಯ ಹೇಗಿರುತ್ತದೋ ಹಾಗೆ, ಉಳುವವನೂ ಇಲ್ಲ, ಮಾರುವವನೂ ಇಲ್ಲ.

ಮತ್ತೆ 2025ರಲ್ಲಿ ಅವರು ಪೂರ್ತಿ ಮಾರಿಕೊಂಡು ಹೋದರು ಅನ್ನುವುದೂ ಸರಿಯಲ್ಲ. ಜಂಟಿ ಕಂಪನಿ ಮಾಡಿಕೊಂಡಿದ್ದಾರೆ. ಒಡೆತನದಲ್ಲಿ ಕುಟುಂಬ ಇನ್ನೂ ಇದೆ. ಚಿತ್ರದ ವಿಷಯದಲ್ಲಿ ಕೊನೆಯ ಮಾತು ಮಾತ್ರ ಅಮೆಜಾನ್‌ದು.

ಟಿಕೆಟ್_ಬ್ಲಾಕ್
ಮೇಡಂ ನೀವು ಬಂದ ಕೂಡಲೇ ಕ್ಲಾಸ್‌ರೂಮ್ ಆಗುತ್ತೆ. ಆದರೂ ಥ್ಯಾಂಕ್ಸ್.

ಮಜ್ಜಿಗೆ_ಮಾರ್ಟಿನಿ
ಕಮಲಿ ಮೇಡಂ ಹೇಳಿದ್ದು ನನ್ನ ಮಾತಿಗೇ ಬಲ ಕೊಡುತ್ತದೆ. 2022ರಿಂದ 2025ರವರೆಗೆ ಕೀಲಿಕೈ ಇವರ ಹತ್ತಿರವೇ ಇತ್ತು. ಏನು ಮಾಡಿದರು? ಹೊಸ ನಟ ಇಲ್ಲ, ಕಥೆ ಇಲ್ಲ, ನಿರ್ದೇಶಕ ಇಲ್ಲ. ಕೇಳಿದರೆ ಇನ್ನೂ ಶುರು ಮಾಡಿಲ್ಲ, ಬಾಂಡ್‌ನನ್ನು ಹೊಸದಾಗಿ ಕಟ್ಟಬೇಕು, ಟೈಮ್ ಬೇಕು. ಇದನ್ನೇ ತಿರುಗಿಸಿ ತಿರುಗಿಸಿ.

ಸ್ಲೌ_ಕನ್ನಡಿಗ
ಇಂಗ್ಲೆಂಡಿನಲ್ಲಿ ನಾನಿರುವ ಊರಿನಿಂದ ಪೈನ್‌ವುಡ್ ಸ್ಟುಡಿಯೋ ಪಕ್ಕದಲ್ಲೇ. ಅಲ್ಲಿನ ದೊಡ್ಡ 007 ಸ್ಟೇಜ್ ಕಟ್ಟಿದ್ದೇ 1976ರಲ್ಲಿ ಬಾಂಡ್ ಚಿತ್ರಕ್ಕೆ. 1984ರಲ್ಲಿ ಸುಟ್ಟಿತು, ಮತ್ತೆ ಕಟ್ಟಿದರು. 2006ರಲ್ಲಿ ಮತ್ತೆ ಸುಟ್ಟಿತು, ಮತ್ತೆ ಕಟ್ಟಿದರು. ಇಲ್ಲಿಯ ಜನಕ್ಕೆ ಬಾಂಡ್ ಅಂದರೆ ಮನೆಯ ಆಸ್ತಿ ಇದ್ದ ಹಾಗೆ. ಫೆಬ್ರವರಿಯಲ್ಲಿ ಸುದ್ದಿ ಬಂದಾಗ ಆಫೀಸಿನಲ್ಲಿ ಇಡೀ ದಿನ ಅದೇ ಮಾತು. ಅವತ್ತೇ ಜೆಫ್ ಬೆಜೋಸ್ ಮುಂದಿನ ಬಾಂಡ್ ಯಾರು ಆಗಬೇಕು ಅಂತ ಎಕ್ಸ್‌ನಲ್ಲಿ ಜನರನ್ನು ಕೇಳಿದ. ನಮ್ಮ ಆಫೀಸಿನ ಇಂಗ್ಲಿಷರಿಗೆ ಉರಿದುಹೋಯಿತು. ಅದನ್ನೆಲ್ಲ ಓಟು ಹಾಕಿ ಆರಿಸುತ್ತಾರಾ ಅಂತ.

ಇನ್ನೊಂದು. ವಾಲ್ ಸ್ಟ್ರೀಟ್ ಜರ್ನಲ್ 2024ರ ಡಿಸೆಂಬರ್‌ನಲ್ಲೇ ಬಾರ್ಬರಾ ಮತ್ತು ಅಮೆಜಾನ್ ನಡುವೆ ಮಾತುಕತೆ ಮುರಿದಿದೆ ಅಂತ ಬರೆದಿತ್ತು. ಅಂದರೆ ಅವರು ಸೋಮಾರಿತನದಿಂದ ಕೂತಿರಲಿಲ್ಲ. ಬೇಡ ಅಂತಲೇ ಕೂತಿದ್ದರು.

ಹಳೇ_ರೀಲು
ಸ್ಲೌ ಅಣ್ಣ ಸರಿಯಾಗಿ ಹಿಡಿದರು. ಚಿತ್ರ ತೆಗೆಯದೆ ಇರುವುದೊಂದೇ ಅವರ ಕೈಯಲ್ಲಿದ್ದ ಆಯುಧ.

ಮಜ್ಜಿಗೆ_ಮಾರ್ಟಿನಿ
ಆಯುಧ ಅವರದ್ದು, ಏಟು ಬಿದ್ದಿದ್ದು ನಮಗೆ.

ಪುತ್ತೂರಿನವ
ಅಮೆಜಾನ್ ಬಗ್ಗೆ ಹೆದರಿಕೆ ಯಾಕೆ ಅಂದರೆ ಈಗಾಗಲೇ ಸ್ಯಾಂಪಲ್ ಕೊಟ್ಟಿದ್ದಾರಲ್ಲ. 2025ರ ಅಕ್ಟೋಬರ್‌ನಲ್ಲಿ ಬ್ರಿಟನ್‌ನ ಪ್ರೈಮ್ ವಿಡಿಯೋದಲ್ಲಿ ಹಳೆಯ ಚಿತ್ರಗಳ ಪೋಸ್ಟರ್‌ನಿಂದ ಬಂದೂಕು ಅಳಿಸಿ ಹಾಕಿದ್ದರು. ಪಾಪ ಬಾಂಡ್ ಬರಿಗೈಲಿ ಕೈಕಟ್ಟಿ ನಿಂತಿದ್ದ. ಜನ ಗಲಾಟೆ ಮಾಡಿದ ಮೇಲೆ ಬದಲಾಯಿಸಿದರು.

ಮುಂದೆ ಏನೇನು ತೆಗೆಯುತ್ತಾರೋ. ಬಾಂಡ್ ಆಫೀಸಿನ ಮನಿಪೆನ್ನಿ ಒಂದು ಸೀರೀಸ್, ಕ್ಯೂ ಒಂದು ಸೀರೀಸ್, ಎಂ ಯೌವನದಲ್ಲಿ ಹೇಗಿದ್ದರು ಅಂತ ಹತ್ತು ಕಂತು.

ಟಿಕೆಟ್_ಬ್ಲಾಕ್
ವಿಲನ್ ಬ್ಲೋಫೆಲ್ಡ್‌ನ ಬೆಕ್ಕಿನ ಬಾಲ್ಯ. ನಾನು ನೋಡ್ತೀನಿ.

ಧಾರವಾಡ_ಪೇಡೆ
ಇದರಲ್ಲಿ ಅಮೆಜಾನ್ ಒಂದನ್ನೇ ಬೈಯುವುದು ನ್ಯಾಯ ಅಲ್ಲ ನೋಡ್ರಿ. ಸ್ಪಿನ್-ಆಫ್ ಆಸೆ ಕುಟುಂಬಕ್ಕೂ ಇತ್ತು. ಡೈ ಅನದರ್ ಡೇಯಲ್ಲಿ ಹ್ಯಾಲಿ ಬೆರಿ ಮಾಡಿದ ಜಿಂಕ್ಸ್ ಪಾತ್ರಕ್ಕೆ ಬೇರೆ ಚಿತ್ರವೇ ಮಾಡಲು ಬಾರ್ಬರಾ ಹೊರಟಿದ್ದರು. 2003ರಲ್ಲಿ ಅದನ್ನು ನಿಲ್ಲಿಸಿದ್ದು ಸ್ಟುಡಿಯೋ. ಅದಕ್ಕೂ ಹಿಂದೆ 1991ರಲ್ಲಿ ಜೇಮ್ಸ್ ಬಾಂಡ್ ಜೂನಿಯರ್ ಅನ್ನುವ ಕಾರ್ಟೂನ್ ಬಂತು. ಬಾಂಡ್‌ನ ಅಣ್ಣನ ಮಗನೋ ತಮ್ಮನ ಮಗನೋ ಶಾಲೆಗೆ ಹೋಗುತ್ತಾ ವಿಲನ್‌ಗಳನ್ನು ಹಿಡಿಯುತ್ತಾನೆ. ಅದರಲ್ಲಿ ಮೈಕಲ್ ವಿಲ್ಸನ್ ಹೆಸರೂ ಇದೆ. 2023ರಲ್ಲಿ ಪ್ರೈಮ್‌ನಲ್ಲಿ ಬಂದ 007 ಹೆಸರಿನ ರಿಯಾಲಿಟಿ ಶೋಗೂ ಇವರ ಒಪ್ಪಿಗೆ ಇತ್ತು.

ಬ್ರಾಕಲಿಗಳು ಸನ್ಯಾಸಿಗಳು, ಅಮೆಜಾನ್ ರಾಕ್ಷಸ ಅಂತ ಕಥೆ ಕಟ್ಟಬೇಡ್ರಿ. ಎರಡೂ ಕಡೆ ವ್ಯಾಪಾರವೇ. ಒಬ್ಬರಿಗೆ ಅವಸರ ಇರಲಿಲ್ಲ, ಇನ್ನೊಬ್ಬರಿಗೆ ಅವಸರ ಜಾಸ್ತಿ.

ಹಳೇ_ರೀಲು
ಜಾಹೀರಾತಿನ ವಿಷಯದಲ್ಲಿ ನಾನೂ ಕುಟುಂಬದ ಪರ ನಿಲ್ಲಲ್ಲ. ಗೋಲ್ಡನ್ ಐನಲ್ಲಿ ಆಸ್ಟನ್ ಮಾರ್ಟಿನ್ ಇದ್ದರೂ ಬಿಎಂಡಬ್ಲ್ಯು ತಂದು ಮೆರೆಸಿದರು, ಆ ಕಾರಿಗೆ ಚಿತ್ರದಲ್ಲಿ ಮಾಡೋಕೆ ಕೆಲಸವೇ ಇರಲಿಲ್ಲ. ಸ್ಕೈಫಾಲ್‌ನಲ್ಲಿ ಬಾಂಡ್ ಕೈಗೆ ಹೈನೆಕೆನ್ ಬಿಯರ್.

ಹೊಸಬಿ_ಬಾಂಡ್
ನಾನು ಸ್ಕೈಫಾಲ್ ನೋಡಿ ಶುರು ಮಾಡಿದವಳು. ಅದಕ್ಕೇ ಕೇಳ್ತಿದೀನಿ, ಬೈಬೇಡಿ. ಬಾಂಡ್ ಸತ್ತರೆ ಏನಾಯ್ತು? ಹೇಗೂ ಮುಂದಿನ ನಟ ಬಂದಾಗ ಹೊಸ ಕಥೆ ಅಲ್ವಾ? ನನಗೆ ನೋ ಟೈಮ್ ಟು ಡೈ ಕ್ಲೈಮ್ಯಾಕ್ಸ್ ತುಂಬಾ ಇಷ್ಟ ಆಯ್ತು. ಥಿಯೇಟರ್‌ನಲ್ಲಿ ಅತ್ತಿದ್ದೇನೆ.

ಮಜ್ಜಿಗೆ_ಮಾರ್ಟಿನಿ
ಯಾರೂ ಬೈಯಲ್ಲ ಬಿಡಮ್ಮ. ನನ್ನ ತಕರಾರು ಹೀಗೆ. ಕಾನರಿ, ಲೇಜನ್ಬಿ, ಮೂರ್, ಡಾಲ್ಟನ್, ಬ್ರಾಸ್ನನ್ ಐವರೂ ಒಬ್ಬನೇ ಮನುಷ್ಯ ಅನ್ನುವ ಒಪ್ಪಂದ ನಮಗೂ ಚಿತ್ರಕ್ಕೂ ಇತ್ತು. 1969ರಲ್ಲಿ ಅವನ ಹೆಂಡತಿ ಸತ್ತಳು. 1981ರಲ್ಲಿ ಬೇರೆ ನಟ ಅವಳ ಸಮಾಧಿಗೆ ಹೂವು ಇಟ್ಟ. ನಾವು ಪ್ರಶ್ನೆ ಕೇಳಲಿಲ್ಲ. 2006ರಲ್ಲಿ ಕಥೆಯನ್ನು ಮೊದಲಿಂದ ಶುರು ಮಾಡಿ ಆ ದಾರ ಕಡಿದರು. 2021ರಲ್ಲಿ ಸಾಯಿಸಿದರು. ಈಗ ಬರುವವನು ಯಾರು? ಮತ್ತೆ ಮೊದಲ ಕೊಲೆ, ಮತ್ತೆ ಕೊಲ್ಲಲು ಡಬಲ್ ಒ ಲೈಸೆನ್ಸ್ ಸಿಕ್ಕ ಕಥೆ ನೋಡಬೇಕಾ? ಆ ಗಂಟು ಬಿಡಿಸಲು ಆಗದೆ ಇವರು ಕೂತರು ಅಂತ ನನ್ನ ಗುಮಾನಿ.

ಹೊಸಬಿ_ಬಾಂಡ್
ಓಹ್, ಸಮಾಧಿಯ ವಿಷಯ ಗೊತ್ತಿರಲಿಲ್ಲ. ಆದರೂ ಕ್ಲೈಮ್ಯಾಕ್ಸ್ ಇಷ್ಟ.

ಸ್ಲೌ_ಕನ್ನಡಿಗ
ಸಾಯಿಸುವ ಐಡಿಯಾ ಕ್ರೇಗ್‌ದೇ, ಅವನೇ ಹೇಳಿಕೊಂಡಿದ್ದಾನೆ. 2006ರಲ್ಲೇ ಬಾರ್ಬರಾ ಹತ್ತಿರ ಕೊನೆಗೆ ನನ್ನ ಬಾಂಡ್‌ನನ್ನು ಸಾಯಿಸಬಹುದಾ ಅಂತ ಕೇಳಿದ್ದನಂತೆ. ಸ್ಪೆಕ್ಟರ್ ಹೊತ್ತಿಗೆ ಅವನು ಸಹ ನಿರ್ಮಾಪಕನೂ ಆಗಿದ್ದ. ನಟನಿಗೆ ಇಷ್ಟು ಜಾಗ ಕಬ್ಬಿ ಕೊಡುತ್ತಿರಲಿಲ್ಲ ಬಿಡಿ. ಕಾನರಿ ಜೊತೆ ಅವರ ಜಗಳ ನೆನೆಸಿಕೊಳ್ಳಿ.

ಹಳೇ_ರೀಲು
ನಿರ್ದೇಶಕರಿಗೂ ಕೊಡುತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಸ್ಪೀಲ್‌ಬರ್ಗ್ ನಾನು ಬಾಂಡ್ ಮಾಡುತ್ತೇನೆ ಅಂತ ಕೇಳಿದರು, ಕಬ್ಬಿ ಒಪ್ಪಲಿಲ್ಲ. ಆಗ ಜಾರ್ಜ್ ಲ್ಯೂಕಸ್ ನನ್ನ ಹತ್ತಿರ ಇನ್ನೊಂದು ಕಥೆ ಇದೆ ಅಂದರು, ಅದು ಇಂಡಿಯಾನಾ ಜೋನ್ಸ್ ಆಯಿತು. ಈ ಒಂದನ್ನು ನಾನು ಕಬ್ಬಿಯ ತಪ್ಪು ಅಂತಲೇ ಬರೆದಿಡುತ್ತೇನೆ. ಅಥವಾ ಪುಣ್ಯವೋ, ಗೊತ್ತಿಲ್ಲ. ನಮಗೆ ಎರಡು ಸರಣಿ ಸಿಕ್ಕವು.

ಸಿಐಡಿ_ಸಾವಿರ
ಇದರ ನಡುವೆ ನಮ್ಮ ದೇಶದ ಆಕ್ಟೋಪಸಿಯನ್ನು ಯಾರೂ ನೆನೆಯಲಿಲ್ಲ. 1983. ಉದಯಪುರ, ಪಿಚೋಲಾ ಕೆರೆ, ಮೇಲೆ ಮಾನ್ಸೂನ್ ಪ್ಯಾಲೇಸ್. ಕಬೀರ್ ಬೇಡಿ ವಿಲನ್ ಕಡೆಯ ದಾಂಡಿಗ. ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಟೆನಿಸ್ ಬ್ಯಾಟಿನಲ್ಲೇ ರೌಡಿಗಳಿಗೆ ಹೊಡೆಯುತ್ತಾರೆ.

ಧಾರವಾಡ_ಪೇಡೆ
ಮತ್ತೆ ಅದೇ ಅಮೃತರಾಜ್ ಹಾವಾಡಿಗನ ವೇಷದಲ್ಲಿ ಪುಂಗಿ ಊದಿ ಬಾಂಡ್ ಟ್ಯೂನ್ ನುಡಿಸುತ್ತಾರೆ. ಬಾಂಡ್ ದುಡ್ಡಿನ ಕಟ್ಟು ಕೊಟ್ಟು ಕೆಲವು ವಾರ ಕರಿ ತಿನ್ನಲು ಆಯಿತು ಅಂತ ಜೋಕ್ ಮಾಡುತ್ತಾನೆ. ಮುಳ್ಳಿನ ಹಾಸಿಗೆ, ಕೆಂಡ, ಕತ್ತಿ ನುಂಗುವವನು, ಎಲ್ಲಾ ಒಂದೇ ಬೀದಿಯಲ್ಲಿ. ನಿರ್ಮಾಪಕರ ಜವಾಬ್ದಾರಿ ಅಂತ ಇಷ್ಟು ಮಾತಾಡುತ್ತಿದ್ದೀರಲ್ಲ, ಇದನ್ನೂ ಲೆಕ್ಕಕ್ಕೆ ಹಿಡೀರಿ.

ಸಿಐಡಿ_ಸಾವಿರ
ಅದು ಹೌದು. ಆದರೆ ಆಟೋ ಚೇಸ್ ಬಂದಾಗ ಗಾಂಧಿ ಕ್ಲಾಸ್‌ನಲ್ಲಿ ಕೂತವರು ಶಿಳ್ಳೆ ಹೊಡೆದಿದ್ದೂ ಹೌದು.

ಹಳೇ_ರೀಲು
ಬೆಂಗಳೂರಿನಲ್ಲಿ ಬಾಂಡ್ ನೋಡುವುದು ಅಂದರೆ ಎಂ.ಜಿ. ರೋಡ್, ಬ್ರಿಗೇಡ್ ರೋಡ್. ಪ್ಲಾಜಾ, ರೆಕ್ಸ್, ಲಿಡೋ. ಪಿಕ್ಚರ್ ಮುಗಿಸಿ ಹೊರಗೆ ಬಂದರೆ ಎಲ್ಲ ಹುಡುಗರೂ ಕೋಟಿನ ತೋಳು ಸರಿ ಮಾಡಿಕೊಳ್ಳುವವರೇ, ಕೋಟು ಇಲ್ಲದಿದ್ದರೂ. ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು.

ಟಿಕೆಟ್_ಬ್ಲಾಕ್
ಮೈಸೂರಿನವರಿಗೆ ಸ್ಟರ್ಲಿಂಗ್. ನಮ್ಮಪ್ಪ ಅಲ್ಲಿ ಯಾವುದೋ ಮೂರ್ ಪಿಕ್ಚರ್ ನೋಡಿ ಬಂದು ಅಮ್ಮನ ಹತ್ತಿರ ಹೆಸರು ಹೇಳುವಾಗ ಎರಡು ಸಲ ಹೇಳ್ತಿದ್ರಂತೆ. ಶೆಟ್ಟಿ, ಮಂಜುನಾಥ ಶೆಟ್ಟಿ.

ಪುತ್ತೂರಿನವ
ಹ್ಹಹ್ಹ! ಹಾಗಾದರೆ ಮಾರ್ಟಿನಿ ಬದಲು ಏನು ಮಾರಾಯ್ರೆ, ಮಸಾಲೆ ಮಜ್ಜಿಗೆಯಾ?

ಮಜ್ಜಿಗೆ_ಮಾರ್ಟಿನಿ
ಹೆಸರು ನೋಡಿಯೂ ಕೇಳ್ತೀರಲ್ಲ. ಕಡೆದಿದ್ದು, ಕಲಕಿದ್ದಲ್ಲ.

ಸರಿ, ವಿಷಯಕ್ಕೆ. ಈಗಿನ ತಂಡದ ಬಗ್ಗೆ ನಿಮ್ಮ ಅಭಿಪ್ರಾಯ ಏನು? 2025ರ ಮಾರ್ಚ್‌ನಲ್ಲಿ ಏಮಿ ಪ್ಯಾಸ್ಕಲ್, ಡೇವಿಡ್ ಹೇಮನ್ ನಿರ್ಮಾಪಕರು ಅಂದರು. ಜೂನ್‌ನಲ್ಲಿ ಡೆನಿ ವಿಲ್ನೋವ್ ನಿರ್ದೇಶಕ. ಆಮೇಲೆ ಪೀಕಿ ಬ್ಲೈಂಡರ್ಸ್ ಬರೆದ ಸ್ಟೀವನ್ ನೈಟ್ ಕಥೆಗಾರ. ಹಿಡಿತ ಸಿಕ್ಕ ಆರು ತಿಂಗಳೊಳಗೆ ಇಷ್ಟು. ಹಳಬರು ಮೂರು ವರ್ಷದಲ್ಲಿ ಇದರಲ್ಲಿ ಒಂದನ್ನೂ ಮಾಡಲಿಲ್ಲ.

ಹಳೇ_ರೀಲು
ಹೆಸರು ಹೇಳುವುದು ಸುಲಭ. ವಿಲ್ನೋವ್ ಮೊದಲು ಡ್ಯೂನ್ ಮೂರನೆಯದನ್ನು ಮುಗಿಸಬೇಕು. ಆದರೆ ಪ್ಯಾಸ್ಕಲ್ ಹೊಸಬರಲ್ಲ. ಕಸಿನೋ ರೋಯಾಲ್‌ನಿಂದ ಸ್ಪೆಕ್ಟರ್‌ವರೆಗೆ ಬಾಂಡ್ ಚಿತ್ರಗಳು ಸೋನಿ ಮೂಲಕ ಬಂದವು, ಆಗ ಸೋನಿಯ ಚಿತ್ರ ವಿಭಾಗದಲ್ಲಿ ಅವರೇ ದೊಡ್ಡವರು. 2014ರಲ್ಲಿ ಸೋನಿ ಇಮೇಲ್‌ಗಳು ಸೋರಿದಾಗ ಸ್ಪೆಕ್ಟರ್ ಬಜೆಟ್, ಕ್ಲೈಮ್ಯಾಕ್ಸ್ ಎರಡರ ಬಗ್ಗೆಯೂ ಸ್ಟುಡಿಯೋದವರು ತಲೆ ಕೆಡಿಸಿಕೊಂಡಿದ್ದು ಹೊರಗೆ ಬಂತು. ಅವರಿಗೆ ಈ ಮನೆಯ ಬಾಗಿಲು ಕಿಟಕಿ ಎಲ್ಲಾ ಗೊತ್ತು. ಹೇಮನ್ ಹ್ಯಾರಿ ಪಾಟರ್‌ನ 8 ಚಿತ್ರಗಳನ್ನು ಮುಗಿಸಿ ತೋರಿಸಿದವರು.

ಚಿತ್ರ ಬಂದ ಮೇಲೆ ನೋಡೋಣ. ಈಗಲೇ ಹಾರ ಹಾಕೋದು ಬೇಡ, ಬೈಯೋದೂ ಬೇಡ.

ಧಾರವಾಡ_ಪೇಡೆ
ನನಗೆ ಭಯ ಇರುವುದು ನಮ್ಮ ಹಿಂದಿಯ ವೈಆರ್‌ಎಫ್ (ಯಶ್ ರಾಜ್ ಫಿಲ್ಮ್ಸ್) ಸ್ಪೈ ಯೂನಿವರ್ಸ್ ನೋಡಿ. ಟೈಗರ್, ಕಬೀರ್ ಬೇರೆ ಬೇರೆ ಇದ್ದಾಗ ಮಜಾ ಇತ್ತು. ಎಲ್ಲರನ್ನೂ ಒಂದೇ ದಾರಕ್ಕೆ ಪೋಣಿಸಿದ ಮೇಲೆ ಪ್ರತಿ ಚಿತ್ರವೂ ಮುಂದಿನ ಚಿತ್ರದ ಟ್ರೇಲರ್ ಆಯಿತು. ವಾರ್ 2 ಗತಿ ಏನಾಯಿತು ನೋಡಿದ್ರಲ್ಲ. ಬಾಂಡ್‌ಗೆ ಇದು ಬೇಡ.

ಮಜ್ಜಿಗೆ_ಮಾರ್ಟಿನಿ
ಅದೊಂದನ್ನು ಒಪ್ಪುತ್ತೇನೆ. ಯೂನಿವರ್ಸ್ ಬೇಡ. ಎರಡು ವರ್ಷಕ್ಕೊಂದು ಪಿಕ್ಚರ್ ಕೊಡಿ ಸಾಕು.

ಹೊಸಬಿ_ಬಾಂಡ್
ಒಂದು ಡೌಟು. ಹಕ್ಕು ಇವರದ್ದೇ ಅಂದರೆ ಅದೇನೋ 1983ರಲ್ಲಿ ಕಾನರಿ ಬೇರೆಯವರ ಬಾಂಡ್ ಚಿತ್ರ ಮಾಡಿದ್ದು ಹೇಗೆ?

ಕಾಪಿರೈಟ್_ಕಮಲಿ
ಒಳ್ಳೆ ಪ್ರಶ್ನೆ. ಥಂಡರ್‌ಬಾಲ್ ಕಥೆಯನ್ನು ಬಾಂಡ್ ಕಾದಂಬರಿಕಾರ ಇಯಾನ್ ಫ್ಲೆಮಿಂಗ್ ಮೊದಲು ಕೆವಿನ್ ಮೆಕ್‌ಕ್ಲೋರಿ ಮತ್ತು ಜಾಕ್ ವಿಟಿಂಗ್‌ಹ್ಯಾಮ್ ಜೊತೆ ಸೇರಿ ಚಿತ್ರಕ್ಕಾಗಿ ಬರೆದಿದ್ದರು. ಆ ಚಿತ್ರ ಆಗಲಿಲ್ಲ. ಫ್ಲೆಮಿಂಗ್ ಅದನ್ನೇ ತಮ್ಮ ಕಾದಂಬರಿ ಮಾಡಿದರು. ಕೇಸ್ ಆಯಿತು, 1963ರಲ್ಲಿ ರಾಜಿ. ಆ ಕಥೆಯ ಚಿತ್ರದ ಹಕ್ಕು ಮೆಕ್‌ಕ್ಲೋರಿಗೆ ಸಿಕ್ಕಿತು. 1983ರ ನೆವರ್ ಸೇ ನೆವರ್ ಅಗೇನ್ ಬಂದಿದ್ದು ಆ ದಾರಿಯಲ್ಲಿ. ಅದೇ ವರ್ಷ ಆಕ್ಟೋಪಸಿ ಕೂಡ ಬಂತು, ಜಾಸ್ತಿ ದುಡ್ಡು ಮಾಡಿದ್ದು ಆಕ್ಟೋಪಸಿಯೇ. ಮೆಕ್‌ಕ್ಲೋರಿ ಕಡೆಯ ಹಕ್ಕು ಎಂಜಿಎಂ, ಡಾನ್‌ಜಾಕ್ ಕೈಗೆ ಬಂದಿದ್ದು 2013ರಲ್ಲಿ. ಅದಕ್ಕೇ 2015ರಲ್ಲಿ ಥಂಡರ್‌ಬಾಲ್ ಕಥೆಯ ವಿಲನ್ ಗುಂಪಾದ ಸ್ಪೆಕ್ಟರ್ ಅನ್ನುವ ಹೆಸರನ್ನು ಧೈರ್ಯವಾಗಿ ಇಟ್ಟರು.

ಇನ್ನೊಂದು ವಿಷಯ, ಇಲ್ಲಿ ಯಾರೂ ಗಮನಿಸಿದ ಹಾಗಿಲ್ಲ. ಫ್ಲೆಮಿಂಗ್ ತೀರಿಕೊಂಡಿದ್ದು 1964ರ ಆಗಸ್ಟ್‌ನಲ್ಲಿ. ಬ್ರಿಟನ್‌ನಲ್ಲಿ ಲೇಖಕ ಸತ್ತ ಮೇಲೆ 70 ವರ್ಷ ಕಾಪಿರೈಟ್, ಅಂದರೆ 2034ರ ಕೊನೆಯವರೆಗೆ. ನಮ್ಮ ದೇಶದಲ್ಲಿ 60 ವರ್ಷ. 2024ರ ಡಿಸೆಂಬರ್ 31ಕ್ಕೆ ಮುಗಿದಿದೆ. ಫ್ಲೆಮಿಂಗ್ ಬದುಕಿದ್ದಾಗ ತಾವೊಬ್ಬರೇ ಬರೆದು ಪ್ರಕಟಿಸಿದ ಬಾಂಡ್ ಕಾದಂಬರಿಗಳು ಭಾರತದಲ್ಲಿ ಈಗ ಎಲ್ಲರ ಸೊತ್ತು. ಸತ್ತ ಮೇಲೆ ಪ್ರಕಟವಾದವಕ್ಕೆ ಪ್ರಕಟಣೆಯ ವರ್ಷದಿಂದ ಲೆಕ್ಕ.

ಟಿಕೆಟ್_ಬ್ಲಾಕ್
ಏನು!! ಹಾಗಾದರೆ ನಾಳೆಯೇ ಮುಹೂರ್ತ ಇಡೋಣ. ಡಾಲಿ ಬಾಂಡ್? ರಿಷಬ್ ಬಾಂಡ್?

ಕಾಪಿರೈಟ್_ಕಮಲಿ
ನಿಲ್ಲಪ್ಪ. ಪುಸ್ತಕ ಬೇರೆ, ಚಿತ್ರ ಬೇರೆ. ಚಿತ್ರಗಳಲ್ಲಿ ಮಾತ್ರ ಇರುವುದನ್ನು ಮುಟ್ಟುವಂತಿಲ್ಲ. ಬಿಳಿ ಬೆಕ್ಕು, ಬಂದೂಕಿನ ನಳಿಗೆಯ ಓಪನಿಂಗ್, ಆ ಟ್ಯೂನ್, ಯಾವುದೂ. ಹೆಸರು ಮತ್ತು 007 ಲೋಗೋ ಮೇಲೆ ಟ್ರೇಡ್‌ಮಾರ್ಕ್ ಇದೆ. ಚಿತ್ರ ತೆಗೆದರೆ ಬ್ರಿಟನ್‌ನಂಥ, ಕಾಪಿರೈಟ್ ಇನ್ನೂ ಇರುವ ದೇಶಗಳಲ್ಲಿ ತೋರಿಸಲು ಆಗುವುದಿಲ್ಲ. ಕಾದಂಬರಿಯ ಕನ್ನಡ ಅನುವಾದ ಆದರೆ ಆರಾಮಾಗಿ ಮಾಡಬಹುದು. ಅಚ್ಚು ಹಾಕಿಸುವ ಮುಂಚೆ ವಕೀಲರ ಹತ್ತಿರ ಒಂದು ಮಾತು ಕೇಳಿ, ಅಷ್ಟೇ.

ಸಿಐಡಿ_ಸಾವಿರ
ಅಯ್ಯೋ ಇದು ದೊಡ್ಡ ಸುದ್ದಿ. ಬ್ರಾಕಲಿ ಬೇಡ, ಅಮೆಜಾನ್ ಬೇಡ, ನಾವೇ ಮಾಡೋಣ. ಮೊದಲು ಯಾವ ಪುಸ್ತಕ?

ಹಳೇ_ರೀಲು
ಮೂನ್‌ರೇಕರ್. 1955ರದ್ದು. ಚಿತ್ರಕ್ಕೂ ಅದಕ್ಕೂ ಹೆಸರು, ವಿಲನ್ ಬಿಟ್ಟರೆ ಸಂಬಂಧವೇ ಇಲ್ಲ. ಬಾಂಡ್ ಇಂಗ್ಲೆಂಡ್ ಬಿಟ್ಟು ಹೊರಗೇ ಹೋಗಲ್ಲ. ಅಂತರಿಕ್ಷವೂ ಇಲ್ಲ. ಚಿತ್ರ ನೋಡಿ ನಕ್ಕವರು ಓದಲೇಬೇಕು.

ಮಜ್ಜಿಗೆ_ಮಾರ್ಟಿನಿ
ಓದಿದ್ದೇನೆ ಸರ್. ಮೊದಲ ಭಾಗದಲ್ಲಿ ಕ್ಲಬ್ಬಿನಲ್ಲಿ ಕೂತು ಬ್ರಿಜ್ ಆಡುತ್ತಾರೆ. ಪುಟಗಟ್ಟಲೆ ಇಸ್ಪೀಟು. ಕನ್ನಡದಲ್ಲಿ ಯಾರು ಓದುತ್ತಾರೆ?

ಪುತ್ತೂರಿನವ
ಪುಟಗಟ್ಟಲೆ ಇಸ್ಪೀಟಾ? ನಮ್ಮ ಕಡೆ ಕಳಿಸಿ ಮಾರಾಯ್ರೆ, ಮಳೆಗಾಲದಲ್ಲಿ ಬೇರೆ ಕೆಲಸ ಏನಿದೆ.

ಟಿಕೆಟ್_ಬ್ಲಾಕ್
ಎರಡನೇ ಅಧ್ಯಾಯ ನಾನು ತಗೊಂಡೆ. ಮೊದಲನೆಯದು ಯಾರು ಮಾಡ್ತೀರಿ? ಕಮಲಿ ಮೇಡಂ?

ಕಾಪಿರೈಟ್_ಕಮಲಿ
ನಾನು ನೋಟಿಸ್ ಬಂದಾಗ ಬರ್ತೀನಿ.